ಅನ್ವಯಿಸುವುದಿಲ್ಲ

ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಮೀಟಿಂಗ್ ಕೋಣೆಯ ಡ್ರಾಯರಿನಿಂದ ಕಾಲಕಾಲಕ್ಕೆ ಮಾಯವಾಗಿರುವ ಪೆನ್ಸಿಲ್ ಸೆಲ್ಲುಗಳು ಕಂಪನಿಯ ಸ್ವತ್ತಾಗಿದ್ದು, ಅವುಗಳನ್ನು ಒಯ್ದವರು ಯಾರೇ ಆಗಿರಲಿ, ಯಾವ ಘನ ಉದ್ದೇಶಕ್ಕೇ ಒಯ್ದಿರಲಿ, ಗುರುವಾರ ಬೆಳಿಗ್ಗೆ ಅದೇ ಡ್ರಾಯರಿಗೆ ತಂದು ಹಾಕತಕ್ಕದ್ದು. ಯಾರನ್ನೂ ಏನನ್ನೂ ಕೇಳಲಾಗುವುದಿಲ್ಲ. ಕಂಪನಿಯ ಭವಿಷ್ಯ ತಮ್ಮೆಲ್ಲರ ಕೈಯಲ್ಲಿದೆ. ಕೆಳಗೆ ಕಂಪನಿಯ ಯಜಮಾನನಾದ ಭಾವನ ಸಹಿ. ನೀರಿನ ಕ್ಯಾನಿನ ಪಕ್ಕದಲ್ಲಿ ಅಂಟಿಸಿದ್ದ ಈ ಪ್ರಕಟಣೆಯನ್ನು ಎಲ್ಲರೂ ನೀರು ಕುಡಿಯುತ್ತ ಓದಿದ್ದರು, ಓದುತ್ತ ನಕ್ಕಿದ್ದರು, ‘ಭವಿಷ್ಯ’ದ ಬಲಕ್ಕೆ ಯಾರೋ ಪೆನ್ನಿನಲ್ಲಿ ಒಂದು ಪ್ಲಸ್ಸು, ಎಡಕ್ಕೆ ಒಂದು ಮೈನಸ್ಸು ಬರೆದಿದ್ದರು. ನಗದೆ ಓದಿದವನು ಆ ಭಾವನ ಹೆಂಡತಿಯ ತಮ್ಮ, ಅವನೊಬ್ಬನೇ. ನಗದಿದ್ದರೆ ಸಿಕ್ಕಿಬೀಳುತ್ತೇನೆ ಎಂದು ಹೊಳೆದು ತಡವಾಗಿ ನಕ್ಕಿದ್ದ. ಅಷ್ಟರಲ್ಲಿ ಪಕ್ಕದಲ್ಲಿದ್ದವರು ಹೋಗಿಯಾಗಿತ್ತು, ನಗು ನೀರಿನ ಕ್ಯಾನಿನ ಪಾಲಾಗಿತ್ತು.

ಗುರುವಾರ ಬೆಳಿಗ್ಗೆ ಅವನು ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ನಿಂತು ಗೋಡೆಗಡಿಯಾರದ ಬೆನ್ನು ತಡವುತ್ತಿದ್ದ. ಗಂಟೆ ಬಾರಿಸುವ ಗಡಿಯಾರ. ಹೊಸ ಮನೆಗೆ ಬಂದಾಗ ಅಕ್ಕ ಭಾವ ಕೊಟ್ಟಿದ್ದು. ಬರೀ ಹೊತ್ತು ತೋರಿಸುವುದಾದರೆ ಒಂದು ಸೆಲ್ಲು ಸಾಕು, ಬಾಯಿ ಬಿಟ್ಟು ಹೇಳುವುದಕ್ಕೆ ಇದಕ್ಕೆ ಎರಡು ಬೇಕು. ಆ ಎರಡನ್ನು ಒಂದು ಸಂಜೆ ಆಫೀಸಿನ ಡ್ರಾಯರಿನಿಂದ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡಿದ್ದ. ದಾರಿಯುದ್ದಕ್ಕೂ ಅವು ಒಂದಕ್ಕೊಂದು ತಾಗಿ ಟಿಕ್ ಎನ್ನುತ್ತಿದ್ದವು. ಗಡಿಯಾರದೊಳಗೆ ಸೇರುವ ಮೊದಲೇ ಅವಕ್ಕೆ ಆ ಕೆಲಸ ಅಭ್ಯಾಸವಾಗಿತ್ತು.

“ಅದ್ಯಾಕ್ರೀ ಬೆಳಬೆಳಿಗ್ಗೆ ಗಡಿಯಾರದ ಮೇಲೆ ಬಿದ್ದಿದೀರ?” ಎಂದಳು ಹೆಂಡತಿ, ಟಿಫನ್ ಡಬ್ಬಿಯ ಮುಚ್ಚಳ ಒತ್ತುತ್ತ.

“ಸೆಲ್ಲು ಆಫೀಸಿಂದು.”

“ತರೋವಾಗ ಗೊತ್ತಿರ್ಲಿಲ್ವಾ?”

“ಗೊತ್ತಿತ್ತು.”

“ಮತ್ತೆ? ಗಡಿಯಾರ ಕೊಟ್ಟೋರೂ ನಿಮ್ಮ ಭಾವ, ಸೆಲ್ಲು ಕೊಟ್ಟೋರೂ ನಿಮ್ಮ ಭಾವ. ಒಟ್ಟಿಗೆ ಒಂದು ಥ್ಯಾಂಕ್ಸ್ ಹೇಳಿ ಮುಗಿಸಿ.”

“ಅವರು ಕೊಟ್ಟಿದ್ದಲ್ಲ, ನಾನು ತಂದಿದ್ದು.”

“ಹಾಗಿದ್ರೆ ಅಂಗಡೀಲಿ ಹೊಸಾದು ತಗೊಂಡು ಹೋಗಿ ಇಡಿ. ಇದು ಆಗ್ಲೇ ಹಿಂದೆ ಬೀಳ್ತಿದೆ. ಮೊನ್ನೆ ಹನ್ನೆರಡು ಹೊಡೀಬೇಕಾದ್ದು ಒಂಬತ್ತಕ್ಕೇ ಸಾಕು ಅಂತ ಸುಮ್ಮನಾಯ್ತು.”

ಅವಳು ಹೇಳಿದ್ದು ಸರಿಯೇ, ಆದರೆ ಅವಳಿಗೆ ಇದರ ಸೂಕ್ಷ್ಮ ಅರ್ಥವಾಗಿರಲಿಲ್ಲ. ಕದ್ದದ್ದನ್ನೇ ತಿರುಗಿ ಇಟ್ಟರೆ ಕದ್ದದ್ದು ಅಳಿಸಿಹೋಗುತ್ತದೆ. ಹೊಸದನ್ನು ತಂದಿಟ್ಟರೆ ಅದು ದಾನವಾಗುತ್ತದೆ, ಕಳವು ಹಾಗೇ ಉಳಿಯುತ್ತದೆ, ಮೇಲೆ ಬಿಲ್ಲು ಬೇರೆ. ಇಷ್ಟನ್ನೂ ಸ್ಟೂಲಿನ ಮೇಲೆ ನಿಂತು ವಿವರಿಸಲಾಗದೆ ಸೆಲ್ಲು ಕಿತ್ತು ಜೇಬಿಗೆ ಹಾಕಿಕೊಂಡು ಇಳಿದ. ಗಡಿಯಾರ ಎಂಟೂ ಇಪ್ಪತ್ತಕ್ಕೆ ನಿಂತಿತು. ಬಾಗಿಲು ಎಳೆದುಕೊಳ್ಳುವಾಗ ಮನೆಯೊಳಗಿನ ಮೌನ ಅಳತೆಗಿಂತ ದೊಡ್ಡದಾಗಿ ಕೇಳಿಸಿತು. ಇಷ್ಟು ದಿನ ಗಂಟೆಗಂಟೆಗಳ ನಡುವೆಯೂ ಗಡಿಯಾರ ಟಿಕ್ ಟಿಕ್ ಎಂದು ಮಾತಾಡುತ್ತಿತ್ತು ಎಂದೇ ಅವನಿಗೆ ಗೊತ್ತಿರಲಿಲ್ಲ.

ಆಫೀಸಿನಲ್ಲಿ ಅವನಿಗೆ ಗೋಡೆರಾಯ ಎಂದು ಹೆಸರು. ಕೆಲಸದಿಂದ ಬಂದ ಹೆಸರು, ಕೆಲಸ ಭಾವನಿಂದ ಬಂದದ್ದು, ಭಾವ ಅಕ್ಕನಿಂದ ಬಂದದ್ದು. ಕಂಪನಿ ಮಾಡುವ ವಿಡಿಯೋ ಗೇಮಿನೊಳಗಿನ ಪ್ರತಿಯೊಂದು ಗೋಡೆಗೂ ಹಣೆ ಹಚ್ಚಿ ನಡೆದು ನೋಡುವುದು ಅವನ ಕೆಲಸ. ಎಲ್ಲಾದರೂ ಒಂದು ಕಡೆ ಗೋಡೆ ಬರೀ ಬಣ್ಣವಾಗಿದ್ದು, ಆಡುವವನು ಅದರೊಳಗೆ ನುಸುಳಿ ಆಚೆಯ ಶೂನ್ಯಕ್ಕೆ ಬಿದ್ದುಬಿಡಬಹುದು. ಆ ಕಡೆಯನ್ನು ಮೊದಲು ತಾನೇ ಬಿದ್ದು ಕಂಡುಹಿಡಿಯಬೇಕು. ಬಿದ್ದಾಗ ಖುಷಿಯಾಗುತ್ತದೆ. ಬೀಳದ ದಿನ ಏನು ಕೆಲಸ ಮಾಡಿದೆ ಎಂದು ತೋರಿಸಲು ಏನೂ ಇರುವುದಿಲ್ಲ. ಒಮ್ಮೆ ಅಕ್ಕನ ಮನೆಯ ಊಟದ ಮೇಜಿನಲ್ಲಿ ಭಾವನ ಸ್ನೇಹಿತರೊಬ್ಬರು ನೀವೇನು ಮಾಡೋದು ಎಂದು ಕೇಳಿದಾಗ ಅಕ್ಕ ಅವಸರದಲ್ಲಿ, “ಅವನು ಅಲ್ಲಿ ಎಲ್ಲಾನೂ ನೋಡ್ಕೋತಾನೆ” ಎಂದಿದ್ದಳು. ಭಾವ ಪಲ್ಯದ ಬಟ್ಟಲು ಕೈಯಲ್ಲಿ ಹಿಡಿದವನು ಹಿಡಿದೇ ಇದ್ದ, ಬಡಿಸಲಿಲ್ಲ. ಆ ಬಟ್ಟಲು ಎಷ್ಟೋ ಸಲ ಅವನ ಕಣ್ಣಿಗೆ ಕಟ್ಟುತ್ತದೆ, ಲಿಫ್ಟಿನಲ್ಲಿ, ಹಲ್ಲುಜ್ಜುವಾಗ. ಮನೆಯಲ್ಲಿ ಭಾವ ಅವನಿಗೆ ‘ನೀನು’ ಎನ್ನುತ್ತಾನೆ, ಆಫೀಸಿನಲ್ಲಿ ‘ನೀವು’. ಅವನೂ ಅಲ್ಲಿ ಭಾವ ಎನ್ನುತ್ತಾನೆ, ಇಲ್ಲಿ ಸರ್. ಇಬ್ಬರೇ ಲಿಫ್ಟಿನಲ್ಲಿ ಸಿಕ್ಕಿಕೊಂಡರೆ ಯಾವ ಊರಿನ ಹದ್ದಿನಲ್ಲಿದ್ದೇವೆಂದು ತಿಳಿಯದೆ ಇಬ್ಬರೂ ಮಹಡಿಯ ಅಂಕಿ ನೋಡುತ್ತಾರೆ.

ಇವತ್ತು ಲಿಫ್ಟಿನಲ್ಲಿ ಭಾವ ಇರಲಿಲ್ಲ, ಮೇಲಿನ ಮಹಡಿಯವನೊಬ್ಬ ಇದ್ದ. ಮೇಲಿನವರದು ಬೇರೆ ಕಂಪನಿ, ಫೋನಿಗೆ ಆಟ ಮಾಡುತ್ತಾರೆ. ಬೆರಳು ತಾಗಿಸಿದರೆ ಚಿನ್ನದ ನಾಣ್ಯ ಸುರಿಯುತ್ತದೆ, ಮತ್ತೆ ತಾಗಿಸಿದರೆ ಮತ್ತೆ ಸುರಿಯುತ್ತದೆ, ಅಷ್ಟೇ ಆಟ. ಆದರೂ ಜನ ಬಸ್ಸಿನಲ್ಲಿ ತಮ್ಮ ನಿಲ್ದಾಣ ಬಂದಿದ್ದು ಮರೆಯುತ್ತಾರೆ.

“ಏನ್ಸಾರ್, ಮುಂದಿನ ತಿಂಗಳಿಂದ ನಾವು ನೀವು ಒಂದೇ ಮನೆಯವರಂತೆ?” ಎಂದ ಮೇಲಿನವನು, ವಿನಯದಿಂದಲೇ.

“ಇನ್ನೂ ಏನೂ ಆಗಿಲ್ಲ.”

“ಹೊಸ ಕನ್ಸೋಲಿಂದು ಇವತ್ತೇ ಅಲ್ವಾ ಪರೀಕ್ಷೆ? ಆಗ್ಲಿ ಸಾರ್. ಪಾಸಾದ್ರೆ ನಮಗೂ ಸಂತೋಷಾನೇ.” ನಂತರ ಸ್ವಲ್ಪ ಯೋಚಿಸಿ, “ಫೇಲಾದ್ರೂನೂ” ಎಂದ. ಬಾಗಿಲು ತೆರೆಯಿತು.

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಈ ಮಹಡಿಯ ಜನರೆಲ್ಲರ ಅನ್ನ ಇಷ್ಟು ವರ್ಷ ಒಂದೇ ಆಟದಿಂದ ಬೆಂದಿತ್ತು. ಆಟದ ಹೆಸರು ‘ಗೇಟು’. ಆಡುವವನು ಒಂದು ರೈಲ್ವೆ ಗೇಟಿನ ಕಾವಲುಗಾರ. ರೈಲು ಬರುವಾಗ ಗೇಟು ಹಾಕಬೇಕು, ಹೋದಮೇಲೆ ತೆಗೆಯಬೇಕು. ಬಂದೂಕಿಲ್ಲ, ಭೂತವಿಲ್ಲ. ಆದರೆ ರೈಲು ನಿಜವಾದ ಹೊತ್ತಿಗೆ ಬರುತ್ತದೆ, ನಿಮಗೆ ಫೋನ್ ಬಂತು, ಹಾಲು ಉಕ್ಕಿತು ಎಂದು ಕಾಯುವುದಿಲ್ಲ. ಆಟವನ್ನು ನಡುವೆ ತಡೆದು ನಿಲ್ಲಿಸುವ ಗುಂಡಿಯೇ ಇಲ್ಲ. ‘ನಿಲ್ಲದ ಆಟ’ ಎಂದು ಬಾಗಿಲಿನ ಪಕ್ಕ ಆಳೆತ್ತರದ ಪೋಸ್ಟರಿದೆ. ಅದನ್ನು ಭಾವನೇ ಬರೆದದ್ದು, ಅದರ ಮುಂದೆಯೇ ಪತ್ರಿಕೆಯವರಿಗೆ ಫೋಟೋ ಕೊಟ್ಟದ್ದು. ನಿಂತದ್ದು ಆಟವಲ್ಲ, ಅದನ್ನು ಹೊತ್ತಿದ್ದ ಕನ್ಸೋಲು, ಟೀವಿಗೆ ಸಿಕ್ಕಿಸಿ ಆಡುವ ಪೆಟ್ಟಿಗೆ. ಆ ಪೆಟ್ಟಿಗೆಯನ್ನು ಮಾಡುವವರು ಅದನ್ನು ನಿಲ್ಲಿಸಿ ಹೊಸದನ್ನು ತರುತ್ತಿದ್ದಾರೆ. ಹೊಸದು ಅಂಗಡಿಗೆ ಬರುವ ಮೊದಲನೇ ದಿನ ಅದರ ಜೊತೆ ಬರುವ ಕೆಲವೇ ಆಟಗಳ ಪಟ್ಟಿಯಲ್ಲಿ ‘ಗೇಟು’ ಇದ್ದರೆ ಈ ಮಹಡಿ ಉಳಿಯುತ್ತದೆ. ಇಲ್ಲದಿದ್ದರೆ ಭಾವ ಕಂಪನಿಯನ್ನು ಮೇಲಿನವರಿಗೆ ಬಿಟ್ಟುಕೊಡುವ ಕಾಗದಕ್ಕೆ ಸಹಿ ಹಾಕಬೇಕು. ಮೇಲಿನವರು ಬಣ್ಣ ಹಾಕುವವರನ್ನು ಇಟ್ಟುಕೊಳ್ಳುತ್ತಾರೆ, ಪ್ರೋಗ್ರಾಂ ಬರೆಯುವವರನ್ನು ಇಟ್ಟುಕೊಳ್ಳುತ್ತಾರೆ. ಅವನನ್ನು ಇಟ್ಟುಕೊಳ್ಳುವುದಿಲ್ಲ. ಅದರಲ್ಲಿ ದ್ವೇಷವೇನಿಲ್ಲ. ಅವರ ಆಟಗಳಲ್ಲಿ ಗೋಡೆಗಳೇ ಇಲ್ಲ.

ಮೀಟಿಂಗ್ ಕೋಣೆಯಲ್ಲಿ ಇನ್ನೂ ಯಾರೂ ಇರಲಿಲ್ಲ. ದೊಡ್ಡ ಪರದೆ, ಸೋಫಾ, ಟೀಪಾಯಿಯ ಮೇಲೆ ಇವತ್ತಿಗೆಂದೇ ಒರೆಸಿದ ಗಾಜು. ಅವನು ಡ್ರಾಯರು ಎಳೆದ. ಒಂದು ಸ್ಟೇಪ್ಲರು, ಒಂದಷ್ಟು ರಬ್ಬರ್ ಬ್ಯಾಂಡು, ಯಾರೂ ಏನನ್ನೂ ತಂದು ಹಾಕಿರಲಿಲ್ಲ. ಇಷ್ಟು ಜನರಲ್ಲಿ ಕಳ್ಳ ತಾನೊಬ್ಬನೇ ಇರಲಾರೆ, ಆದರೆ ಪ್ರಾಮಾಣಿಕ ಕಳ್ಳ ತಾನೊಬ್ಬನೇ ಎಂದು ಅವನಿಗೆ ಒಂದು ಕ್ಷಣ ಹಗುರವಾಯಿತು. ಜೇಬಿನಿಂದ ಸೆಲ್ಲು ತೆಗೆದು ಡ್ರಾಯರಿನ ಮೇಲೆ ಕೈ ಚಾಚಿದ್ದಾನೆ, ಬಾಗಿಲಲ್ಲಿ ಲೆಕ್ಕದ ಮೇಡಂ.

“ಇವತ್ತೂನಾ?” ಎಂದರು ಅವರು.

“ಇಲ್ಲ ಮೇಡಂ, ಇಡ್ತಾ ಇದ್ದೆ.”

“ಡ್ರಾಯರ್ ತೆಗೆದವರೆಲ್ಲ ಇಡೋಕೇ ತೆಗೆಯೋದು.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬಹಳ ದಿನದ ಅನುಮಾನ ಬಗೆಹರಿದ ನೆಮ್ಮದಿ ಇತ್ತು. ಹತ್ತಿರ ಬಂದು ನೋಡಿದರು. “ಎರಡಿವೆ. ಸದ್ಯ. ಅಂಗಡಿಗೆ ಕಳಿಸೋಣ ಅಂತಿದ್ದೆ, ಉಳೀತು. ಇಡಿ, ಇಟ್ಟು ಆಚೆ ಬನ್ನಿ ನೀವು.”

ಇವು ಹಳೆಯವು ಎಂದು ಹೇಳಬೇಕಿತ್ತು. ಹಳೆಯವೆಂದು ಹೇಗೆ ಗೊತ್ತು ಎಂದು ಕೇಳುತ್ತಾರೆ. ಗಡಿಯಾರದಲ್ಲಿದ್ದವು ಎನ್ನಬೇಕಾಗುತ್ತದೆ. ಯಾರ ಗಡಿಯಾರ ಎನ್ನುತ್ತಾರೆ. ವಾಕ್ಯಗಳು ಒಂದರ ಹಿಂದೊಂದು ಗೇಟಿನ ಮುಂದಿನ ವಾಹನಗಳ ಹಾಗೆ ಬಂದು ನಿಂತವು, ಅವನು ಯಾವುದನ್ನೂ ಬಿಡಲಿಲ್ಲ. ಆಚೆ ಬಂದ. ಹೊಸ ಪ್ಯಾಕೆಟ್ಟು ತರಬೇಕಿದ್ದ ಅಂಗಡಿಯ ಕಡೆಗೆ ಯಾರೂ ಹೋಗಲಿಲ್ಲ.

ಮೊದಲೆಲ್ಲ ಆಫೀಸಿನ ಕಂಟ್ರೋಲರುಗಳು, ಕೈಯಲ್ಲಿ ಹಿಡಿದು ಗುಂಡಿ ಒತ್ತಿ ಆಡುವ ಆ ಹಿಡಿಗಳು, ತಂತಿಯಿಲ್ಲದವೇ. ಸೆಲ್ಲು ಹಾಕಿ ಸೋಫಾದ ಮೇಲೆ ಕಾಲು ಚಾಚಿ ಆಡಬಹುದಿತ್ತು. ಆದರೆ ಹಾಕಿದ ಸೆಲ್ಲು ಸಂಜೆಗೆ ಇರುತ್ತಿರಲಿಲ್ಲ. ಟೀವಿ ರಿಮೋಟಿಗೆ, ಟಾರ್ಚಿಗೆ, ಮಕ್ಕಳ ಆಟಿಕೆ ಕಾರಿಗೆ ಕಂಪನಿ ಬೆಳಕನ್ನೂ ಚಲನೆಯನ್ನೂ ಒದಗಿಸುತ್ತಿತ್ತು. ಕೊನೆಗೆ ಭಾವ ಬೇಸತ್ತು ಎಲ್ಲ ಕಂಟ್ರೋಲರಿಗೂ ತಂತಿ ಹಾಕಿಸಿ ಮೇಜಿನ ಕಾಲಿಗೆ ಬಿಗಿಸಿದ, ಉಳಿದ ಸೆಲ್ಲುಗಳು ಡ್ರಾಯರು ಸೇರಿದವು. ಗೂಟಕ್ಕೆ ಕಟ್ಟಿದ ಕರುಗಳ ಹಾಗೆ ಅವು ಅಲ್ಲೇ ಸುತ್ತುತ್ತಿದ್ದವು. ಗೋಡೆರಾಯ ‘ಗೇಟಿ’ನ ಗೋಡೆಗಳೆಲ್ಲವನ್ನೂ ನಡೆದದ್ದು ಆ ತಂತಿಯ ತುದಿಯಲ್ಲಿ, ಬಾಗಿದ ಬೆನ್ನಿನಲ್ಲಿ. ಹೊಸ ಕನ್ಸೋಲಿನವರ ನಿಯಮಗಳು ಬಂದಾಗ ಭಾವ ಹಾಳೆಗಳನ್ನು ಮೂರು ಪಾಲು ಮಾಡಿ ಹಂಚಿದ್ದ. ಕಂಟ್ರೋಲರಿನ ಪಾಲು ಅವನಿಗೆ. ಪ್ರತಿ ನಿಯಮದ ಎದುರು ‘ಆಗಿದೆ’ ಅಥವಾ ‘ಅನ್ವಯಿಸುವುದಿಲ್ಲ’ ಎಂದು ಬರೆಯಬೇಕು. ಸೆಲ್ಲಿನ ವಿಷಯಕ್ಕೆ ಬಂದಾಗ ಅವನು ತಲೆಯೆತ್ತಿ ಮೇಜಿನ ಕಾಲು ನೋಡಿದ, ತಂತಿ ನೋಡಿದ. ನಮ್ಮಲ್ಲಿ ಸೆಲ್ಲು ಎಲ್ಲಿದೆ? ಅನ್ವಯಿಸುವುದಿಲ್ಲ ಎಂದು ದುಂಡಗೆ ಬರೆದ. ನಂತರ ಆ ಸಾಲು ನೆನಪಿಗೆ ಬಂದದ್ದೇ ಇಲ್ಲ. ಸೆಲ್ಲು ಎಂದರೆ ಅವನಿಗೆ ನೆನಪಾಗುತ್ತಿದ್ದದ್ದು ಅಡುಗೆಮನೆಯ ಗಡಿಯಾರವೇ. ಅಪರಾಧವೆಂದರೆ ಅದೇ ಎಂದು ಅವನು ತಿಳಿದಿದ್ದ.

ಪರೀಕ್ಷಕಿ ಬಂದರು. ಕನ್ಸೋಲು ಮಾಡುವವರ ಕಡೆಯವರು. ನಡುವಯಸ್ಸು, ಕೈಯಲ್ಲೊಂದು ಗಟ್ಟಿ ಪೆಟ್ಟಿಗೆ, ಪ್ರಯಾಣದಲ್ಲಿ ಕುತ್ತಿಗೆಗೆ ಹಾಕಿಕೊಳ್ಳುವ ದಿಂಬು ಇನ್ನೂ ಕುತ್ತಿಗೆಯಲ್ಲೇ. ಭಾವ ಸ್ವಾಗತ ಭಾಷಣವನ್ನು ಬಾಗಿಲಿನಿಂದಲೇ ಶುರುಮಾಡಿದ, ಅವರು ಶೂ ಕಳಚಿ ಸೋಫಾದ ಮೇಲೆ ಕಾಲು ಮಡಚಿ ಕೂತು, “ಸರ್, ನೀವೂ ಕೂತ್ಕೊಳ್ಳಿ. ಕೆಲಸ ಆದ್ಮೇಲೆ ಮಾತಾಡೋಣ” ಎಂದರು. ಪೆಟ್ಟಿಗೆಯಿಂದ ಹೊಸ ಕನ್ಸೋಲು ಹೊರಬಂತು. ಎಲ್ಲರೂ ಮಗು ನೋಡಲು ಬಂದವರಂತೆ ಬಗ್ಗಿದರು. ಅದರ ಕಂಟ್ರೋಲರಿಗೆ ತಂತಿ ಸಿಕ್ಕಿಸುವ ತೂತೇ ಇರಲಿಲ್ಲ.

“ಸೆಲ್ ಇಟ್ಟಿರಿ ಅಂತ ಹೇಳಿದ್ನಲ್ಲ?”

“ಇದೆ ಮೇಡಂ, ಎಲ್ಲಾ ತಯಾರಿದೆ,” ಎಂದ ಭಾವ. ಲೆಕ್ಕದ ಮೇಡಂ ಡ್ರಾಯರಿನಿಂದ ಆ ಎರಡನ್ನು ತೆಗೆದು ಕೊಡುವಾಗ ಗೋಡೆರಾಯನ ಕಡೆಗೊಂದು ನೋಟ ಹಾಯಿಸಿದರು: ನಾನು ಬರದಿದ್ದರೆ ಇವೂ ಇರುತ್ತಿರಲಿಲ್ಲ. ಅವನು ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ನಿಂತ. ನಿಜವಾದ ಗೋಡೆ. ತಣ್ಣಗಿತ್ತು.

ಪರೀಕ್ಷಕಿ ಚೆನ್ನಾಗಿ ಆಡುತ್ತಿದ್ದರು. ಬೇಗ ಬೇಗನೆ ಅಲ್ಲ, ಆ ಕೆಲಸಕ್ಕೆಂದೇ ಹುಟ್ಟಿದ ಕಾವಲುಗಾರನ ಹಾಗೆ. ಪರದೆಯ ಮೇಲೆ ಬೆಳಗಾಯಿತು, ಹಳಿ ಹೊಳೆಯಿತು, ಒಂದು ಗೂಡ್ಸು ಹೋಯಿತು. ಗೇಟು ತೆಗೆದರು. ಸೈಕಲ್ಲು, ಲಾರಿ, ಛತ್ರಿ ಹಿಡಿದ ಮುದುಕಿ ದಾಟಿದರು. ಮುದುಕಿ ಕೈಯೆತ್ತಿದಾಗ ಪರೀಕ್ಷಕಿಯ ಮುಖ ಸ್ವಲ್ಪ ಸಡಿಲಾಯಿತು. ಅದನ್ನು ಭಾವ ಕಂಡ. ಭಾವ ಕಂಡದ್ದನ್ನು ಎಲ್ಲರೂ ಕಂಡರು. ಯಾರೋ ಯಾರದೋ ಬೆನ್ನು ಮೆಲ್ಲಗೆ ತಟ್ಟಿದರು. ಗೋಡೆರಾಯ ಮಾತ್ರ ಪರದೆ ನೋಡುತ್ತಿರಲಿಲ್ಲ, ಕಂಟ್ರೋಲರಿನ ಮೂಲೆಯ ಸಣ್ಣ ದೀಪ ನೋಡುತ್ತಿದ್ದ. ಹಸಿರಿತ್ತು. ಹಳದಿಯಾಯಿತು. ಅಡುಗೆಮನೆಯಲ್ಲಿ ಇದೇ ಸೆಲ್ಲುಗಳು ಹನ್ನೆರಡರ ಗಂಟೆಯನ್ನು ಒಂಬತ್ತಕ್ಕೆ ಮುಗಿಸಿದ್ದವು. ಈಗ ಮುಂದೆ ಹೋಗಿ ಹೇಳಿಬಿಡಬಹುದು. ಅಷ್ಟು ಜನರ ಕಾಲು ದಾಟಿ, ‘ಒಂದು ನಿಮಿಷ ಮೇಡಂ’ ಎಂದು. ಪಲ್ಯದ ಬಟ್ಟಲು ಗಾಳಿಯಲ್ಲಿ ನಿಂತಿತ್ತು. ಎರಡನೇ ರೈಲಿನ ಸದ್ದು ಕೇಳಿತು, ಪರೀಕ್ಷಕಿ ಗೇಟು ಹಾಕಿದರು, ದೀಪ ಕೆಂಪಾಗಿ ಎರಡು ಸಲ ಮಿಣುಕಿ ಆರಿತು.

ರೈಲು ಹೋಯಿತು. ಗೇಟು ಏಳಲಿಲ್ಲ. ಪರೀಕ್ಷಕಿ ಇನ್ನೊಮ್ಮೆ ಒತ್ತಿದರು, ಕಂಟ್ರೋಲರನ್ನು ತಿರುಗಿಸಿ ನೋಡಿದರು, ಮಡಿಲಲ್ಲಿಟ್ಟುಕೊಂಡು ಪರದೆಯನ್ನೇ ನೋಡುತ್ತ ಕೂತರು.

“ಏನಾಯ್ತು ಮೇಡಂ?” ಎಂದ ಭಾವ.

“ಸೆಲ್ ಹೋಯ್ತು. ಪರವಾಗಿಲ್ಲ, ಕಾಯ್ತಿದೀನಿ.”

“ಏನಕ್ಕೆ?”

“ಆಟ ನಿಲ್ಲೋಕೆ.”

ಭಾವನ ಮುಖದಲ್ಲಿ ಪತ್ರಿಕೆಯವರಿಗೆ ಕೊಟ್ಟಿದ್ದ ಫೋಟೋದ ನಗು ಬಂತು. “ಇದು ನಿಲ್ಲಲ್ಲ ಮೇಡಂ. ಅದೇ ಇದರ ವಿಶೇಷ. ಬಾಗಿಲಲ್ಲಿ ಪೋಸ್ಟರ್ ನೋಡಿರ್ತೀರಿ.”

“ನೋಡ್ದೆ ಸರ್. ಆದ್ರೆ ಕಂಟ್ರೋಲರ್ ಸತ್ತಾಗ ಯಾವ ಆಟಾನೇ ಆದ್ರೂ ತಾನಾಗೇ ನಿಂತು, ಸೆಲ್ ಹೋಗಿದೆ ಅಂತ ಪರದೆ ಮೇಲೆ ಹೇಳ್ಬೇಕು. ಎಲ್ಲರಿಗೂ ಇರೋ ನಿಯಮ.” ಅವರು ಚೀಲದಿಂದ ಹಾಳೆ ತೆಗೆದರು. “ನಿಮ್ಮವರು ಇಲ್ಲಿ ಅನ್ವಯಿಸುವುದಿಲ್ಲ ಅಂತ ಬರೆದಿದಾರೆ. ಅಕ್ಷರ ಮಾತ್ರ ಮುದ್ದಾಗಿದೆ.”

ಯಾರೂ ತಿರುಗಿ ನೋಡಲಿಲ್ಲ. ಅಕ್ಷರ ಯಾರದೆಂದು ಎಲ್ಲರಿಗೂ ಗೊತ್ತಿತ್ತು. ತಿರುಗದಿರುವುದೇ ಒಂದು ತಿರುಗುವಿಕೆಯಾಗಿ ಅವನ ಕಿವಿ ಬಿಸಿಯಾಯಿತು. ಈಗ ಅವನು ಮುಂದೆ ಬಂದ. ಬರಬೇಕಾದದ್ದಕ್ಕಿಂತ ಒಂದು ರೈಲಿನಷ್ಟು ತಡವಾಗಿ.

“ಮೇಡಂ, ತಪ್ಪು ಆಟದ್ದಲ್ಲ, ಸೆಲ್ಲಿಂದು. ಅದು ಹಳೇದು. ನಮ್ಮನೆ ಗಡಿಯಾರದಲ್ಲಿತ್ತು. ನಾನು ಇಲ್ಲಿಂದ ತಗೊಂಡು ಹೋಗಿದ್ದೆ, ಬೆಳಿಗ್ಗೆ ತಂದಿಟ್ಟೆ. ಹೊಸಾದು ಹಾಕಿದ್ರೆ ಹೀಗಾಗ್ತಿರ್ಲಿಲ್ಲ.”

ಇಷ್ಟು ಹೊತ್ತು ಎದೆಯೊಳಗೆ ಕಾಪಾಡಿಕೊಂಡು ಬಂದ ಮಾತು ಹೊರಗೆ ಬಂದು ಟೀಪಾಯಿಯ ಗಾಜಿನ ಮೇಲೆ ಕೂತಿತು. ಬಹಳ ಸಣ್ಣದಾಗಿ ಕಂಡಿತು. ಲೆಕ್ಕದ ಮೇಡಂ, “ಅಯ್ಯೋ, ನಿಜವಾಗ್ಲೂ ಇಡೋಕೇ ಬಂದಿದ್ರಾ?” ಎಂದರು. ಪರೀಕ್ಷಕಿ ಅವನನ್ನು ಕರುಣೆಯಿಂದ ನೋಡಿದರು.

“ಅದಕ್ಕೆಲ್ಲ ಬೇಜಾರು ಮಾಡ್ಕೋಬೇಡಿ ಸರ್. ಹೊಸಾದು ಹಾಕಿದ್ರೂ ಊಟ ಆದ್ಮೇಲೆ ನಾನೇ ಕೀಳ್ತಿದ್ದೆ. ಪ್ರತಿ ಆಟದಲ್ಲೂ ಕೀಳ್ತೀನಿ. ನೀವು ನಂಗೊಂದು ಕೆಲಸ ಉಳಿಸಿದ್ರಿ, ಅಷ್ಟೇ.”

ಅಂದರೆ ಅವನು ಕದ್ದದ್ದರಿಂದಲೂ ಏನೂ ಆಗಿರಲಿಲ್ಲ, ತಿರುಗಿ ತಂದಿಟ್ಟದ್ದರಿಂದಲೂ ಏನೂ ಆಗಿರಲಿಲ್ಲ. ಎಂಟು ತಿಂಗಳು ಗಡಿಯಾರ ಗಂಟೆ ಬಾರಿಸಿದಾಗಲೆಲ್ಲ ಅವನು ಬೆಚ್ಚಿದ್ದು ಯಾರ ಲೆಕ್ಕಕ್ಕೂ ಸೇರಿರಲಿಲ್ಲ. ಮುಳುಗಿಸಿದ್ದು ಮುದ್ದಾದ ಅಕ್ಷರದ ಒಂದು ಸಾಲು. ಅದನ್ನು ಬರೆಯುವಾಗ ಅವನಿಗೆ ಮನಸ್ಸಾಕ್ಷಿಯ ಸಣ್ಣ ಕೆರೆತವೂ ಆಗಿರಲಿಲ್ಲ. ಬರೆದು, ಎದ್ದು, ಚಹಾ ಕುಡಿದಿದ್ದ. ಚಹಾ ಬಿಸಿಯಾಗಿತ್ತೆಂದು ಕೂಡ ನೆನಪಿದೆ.

ಪ್ರೋಗ್ರಾಂ ಬರೆಯುವವನು ಗಂಟಲು ಸರಿಮಾಡಿಕೊಂಡು, “ಒಂದು ಮಧ್ಯಾಹ್ನದ ಕೆಲಸ ಮೇಡಂ. ಸಂಜೆಯೊಳಗೆ ನಿಲ್ಲೋ ಹಾಗೆ ಮಾಡ್ತೀನಿ” ಎಂದ.

“ಮಾಡಿ. ಖಂಡಿತ ಮಾಡಿ ಕಳಿಸಿ.” ಅವರು ಶೂ ಹಾಕಿಕೊಳ್ಳುತ್ತಿದ್ದರು. “ಆದ್ರೆ ಬದಲಾಯಿಸಿದ ಆಟ ಹೊಸ ಆಟ ಅಂತಲೇ ಲೆಕ್ಕ. ಸಾಲಿನ ಕೊನೆಗೆ ಹೋಗಿ ನಿಲ್ಬೇಕು. ಮೊದಲನೇ ದಿನದ ಪಟ್ಟಿ ಇವತ್ತಿಗೆ ಮುಚ್ಚುತ್ತೆ.” ಲೇಸು ಬಿಗಿದು ತಲೆಯೆತ್ತಿದರು. “ಆಟ ತುಂಬಾ ಚೆನ್ನಾಗಿದೆ ಸರ್. ಇದು ಬಾಯಿಮಾತಿಗಲ್ಲ. ಆ ಅಜ್ಜಿ ಕೈಯೆತ್ತಿದ್ರಲ್ಲ.” ಕನ್ಸೋಲನ್ನು ಅವರು ಬಿಟ್ಟೇ ಹೋದರು. ಸಂಜೆ ಅವರ ಕಡೆಯವರು ಬಂದು ತೆಗೆದುಕೊಳ್ಳುತ್ತಾರಂತೆ, ಅಲ್ಲಿಯವರೆಗೆ ನೋಡಿಕೊಳ್ಳಿ ಎಂದರು.

ಲಿಫ್ಟಿನವರೆಗೆ ಬಿಟ್ಟು ಬಂದ ಭಾವ ಸೋಫಾದಲ್ಲಿ ಕೂತ. ಅವನೇನೂ ಕೂಗಾಡಲಿಲ್ಲ. ಯಾರಾದರೂ ಪರದೆ ಆರಿಸಬಹುದಿತ್ತು, ಆರಿಸಲಿಲ್ಲ. ಪರದೆಯ ಮೇಲೆ ಗೇಟು ಹಾಕಿಯೇ ಇತ್ತು. ಎರಡೂ ಕಡೆ ಜನ ಸೇರಿದ್ದರು, ಮೊದಲು ದಾಟಿ ಹೋಗಿದ್ದವರೂ ಮರಳಿ ಬಂದು ನಿಂತಿದ್ದರು. ಕಾವಲುಗಾರ ಕೈ ಇಳಿಬಿಟ್ಟು ನಿಂತಿದ್ದ. ಲಾರಿಯವನು ಇಂಜಿನ್ ಆರಿಸಿ ಕೆಳಗಿಳಿದ. ಛತ್ರಿಯ ಮುದುಕಿ ಮೈಲಿಗಲ್ಲಿನ ಮೇಲೆ ಕೂತು ಅವನನ್ನು ಮಾತಿಗೆಳೆದಳು.

“ನಿನಗೆ ಮಕ್ಕಳೆಷ್ಟಪ್ಪಾ?”

“ಒಬ್ಬಳು ಅಜ್ಜಿ. ನಾನು ಊರಲ್ಲಿದ್ದಾಗ ಅವಳು ನಿದ್ದೇಲಿರ್ತಾಳೆ.”

“ಎದ್ದಾಗ ಯಾರು ಅಂತ ಕೇಳ್ತಾಳೋ?”

“ಲಾರಿ ಅಂತಾಳೆ. ನನ್ನೇ ಲಾರಿ ಅಂತ ಕರೀತಾಳೆ.”

ಕೋಣೆಯಲ್ಲಿ ಯಾರೋ ನಕ್ಕರು. ಆಟದ ಜನರ ಮಾತುಗಳನ್ನೆಲ್ಲ ಬರೆಯುವವಳು ಕಿಟಕಿಯ ಹತ್ತಿರ ನಿಂತಿದ್ದಳು. ಬಾಯಿ ಬಿಡುವುದೇ ಅಪರೂಪವಾದ್ದರಿಂದ ಅವಳಿಗೆ ಮಾತಿನಮಲ್ಲಿ ಎಂದು ಹೆಸರಿಟ್ಟಿದ್ದರು. “ಇದನ್ನ ನಾನೇ ಬರೆದಿದ್ದು,” ಎಂದಳು ಅವಳು. “ಮೊದಲನೇ ವರ್ಷ. ಗೇಟು ತುಂಬಾ ಹೊತ್ತು ಮುಚ್ಚಿದ್ರೆ ಜನ ಏನು ಮಾತಾಡ್ತಾರೆ ಅಂತ. ಆಡೋರು ಎಲ್ಲರೂ ಬೇಗ ತೆಗೆದುಬಿಡ್ತಾರೆ. ಯಾರೂ ಕೇಳೇ ಇಲ್ಲ.”

“ಇನ್ನೂ ಎಷ್ಟಿದೆ?” ಎಂದು ಕೇಳಿದ ಭಾವ.

“ತುಂಬಾ ಇದೆ ಸರ್.”

ಗೋಡೆರಾಯ ಈ ಆಟದ ಒಂದೊಂದು ಗೋಡೆಯನ್ನೂ ಬಲ್ಲವನು, ಈ ಮುದುಕಿ ಕೂತದ್ದನ್ನು ಕಂಡಿರಲಿಲ್ಲ. ಅವನೂ ಬೇಗ ತೆಗೆಯುವವನೇ. ನಿಂತಲ್ಲೇ ನಿಂತಿದ್ದವನನ್ನು ಭಾವ ನೋಡಿ, ಪಕ್ಕದ ಜಾಗದಲ್ಲಿದ್ದ ಫೈಲನ್ನು ತೆಗೆದು ಕೆಳಗಿಟ್ಟ.

“ಕೂತ್ಕೋ ಬಾರೋ,” ಎಂದ. ಆಫೀಸಿನಲ್ಲಿ, ಎಲ್ಲರೆದುರು. ಅವನು ಕೂತ.

“ಈಗ ಆ ಗೇಟು ತೆಗೀಬೇಕು ಅಂದ್ರೆ ಏನು ಮಾಡ್ಬೇಕು?”

“ಸೆಲ್ ಹಾಕ್ಬೇಕು ಭಾವ.”

“ಇದೆಯಾ?”

“ಇಲ್ಲ.”

ಭಾವ ತಲೆಯಾಡಿಸಿದ. ಮೇಲಿನ ಮಹಡಿಯಲ್ಲಿ ಯಾರೋ ಕುರ್ಚಿ ಎಳೆದ ಸದ್ದಾಯಿತು. ಪರದೆಯ ಮೇಲೆ ಸೈಕಲ್ಲಿನವನು ಕತ್ತು ಚಾಚಿ ಹಳಿಯ ಉದ್ದಕ್ಕೂ ನೋಡಿ, ಇನ್ನೊಂದು ರೈಲು ಬರುತ್ತಾ ಇರಬಹುದು ಎಂದ. ಬರಲಿ ಬಿಡು, ಎಂದಳು ಮುದುಕಿ, ಅಷ್ಟರಲ್ಲಿ ಈ ಲಾರಿಯವನ ಕತೆ ಪೂರ್ತಿ ಕೇಳೋಣ.